ಪೆಟ್ರೋಲ್ ಕಾರಿನ ಇಂಜೆಕ್ಟರ್ ಮನೆಯಲ್ಲೇ ತೊಳೆದಿದ್ದು

ಕಾರು ಜರ್ಕ್ ಹೊಡೆದರೆ, ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಮೇಲೇ ಅನುಮಾನ ಪಡಬೇಕಿಲ್ಲ. ಪ್ಲಗ್, ಕಾಯಿಲ್, ಏರ್ ಫಿಲ್ಟರ್ ಮೊದಲು ನೋಡಬೇಕು. ನಾನು ಅವನ್ನೆಲ್ಲ ನೋಡಿ, ಟ್ಯಾಂಕಿಗೆ ಸುರಿಯುವ ಕ್ಲೀನರನ್ನೂ ಹಾಕಿ ಓಡಿಸಿದ ಮೇಲೂ ಚಾಮುಂಡಿ ಬೆಟ್ಟದ ಏರಿನಲ್ಲಿ ಗಾಡಿ ಮುಗ್ಗರಿಸುತ್ತಲೇ ಇತ್ತು. ಕುವೆಂಪುನಗರದ ಸುತ್ತಮುತ್ತ ಸಣ್ಣಪುಟ್ಟ ಓಡಾಟವೇ ನಮ್ಮದು ಹೆಚ್ಚು. ಇಂಜಿನ್ ಆಫ್ ಮಾಡಿದಾಗಲೆಲ್ಲ ಆ ಕಾವಿಗೆ ಇಂಜೆಕ್ಟರ್ ತುದಿಯ ಪೆಟ್ರೋಲ್ ಆವಿಯಾಗಿ ಜಿಡ್ಡು ಉಳಿಯುತ್ತದೆ, ಅದೇ ಪದರ ಕಟ್ಟಿ ರಂಧ್ರ ಕಿರಿದಾಗುತ್ತದೆ.

ಇದು ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿನ ಗಾಳಿದಾರಿಗೆ ಒಂದೊಂದು ಇಂಜೆಕ್ಟರ್ ಇರುವ ಪೆಟ್ರೋಲ್ ಕಾರಿನ ವಿಷಯ. ಇದರಲ್ಲಿ ಪೆಟ್ರೋಲಿನ ಒತ್ತಡ ಸುಮಾರು 3 ಬಾರ್. ಕಾಮನ್ ರೇಲ್ ಡೀಸೆಲ್‌ನಲ್ಲಿ ಅದು 1000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು, ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲಲು ಬಿಟ್ಟೆ. ಲೈನಿನ ಒತ್ತಡ ಇಳಿಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೇಲ್ ಸುತ್ತಲಿನ ಧೂಳನ್ನು ಮೊದಲೇ ಊದಿ ಒರೆಸಿದೆ, ಇಲ್ಲದಿದ್ದರೆ ಅದು ಸೀದಾ ಇಂಜಿನ್ ಒಳಗೇ ಬೀಳುತ್ತದೆ. ರೇಲ್ ಎತ್ತಿ ಇಂಜೆಕ್ಟರ್‌ಗಳಿಗೆ ಸಿಲಿಂಡರ್ ನಂಬರ್ ಬರೆದೆ, ಅವು ಕೂರುವ ಮ್ಯಾನಿಫೋಲ್ಡ್ ತೂತುಗಳಿಗೆ ಶುದ್ಧ ಬಟ್ಟೆ ತುರುಕಿದೆ.

ತೊಳೆದಿದ್ದು ಅಂಗಳದಲ್ಲಿ, ಗಾಳಿಯಾಡುವ ಕಡೆ, ಕನ್ನಡಕ, ಗ್ಲೌಸ್ ಹಾಕಿಕೊಂಡು. ಇಂಜೆಕ್ಟರ್ ತಲೆಗೆ ಸಣ್ಣ ರಬ್ಬರ್ ಪೈಪ್ ಕ್ಲಿಪ್ ಹಾಕಿ ಬಿಗಿದು, ಇನ್ನೊಂದು ತುದಿಗೆ ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ) ಡಬ್ಬಿಯ ನಳಿಕೆ ಕೂರಿಸಿದೆ. ಪಿನ್‌ಗಳಿಗೆ ಉದ್ದ ವೈರಿನಲ್ಲಿ 9 ವೋಲ್ಟ್ ಬ್ಯಾಟರಿ, ನಡುವೆ ಒತ್ತುವ ಸ್ವಿಚ್. ಸ್ವಿಚ್ಚೂ ಬ್ಯಾಟರಿಯೂ ಸ್ಪ್ರೇಯಿಂದ ದೂರವೇ ಇರಬೇಕು, ಒಂದು ಕಿಡಿ ಸಾಕು. ಒತ್ತಿ ಹಿಡಿದರೆ ಇಂಜೆಕ್ಟರ್ ಒಳಗಿನ ಕಾಯಿಲ್ ಸುಡುತ್ತದೆ, ಒತ್ತಿ ಬಿಡುತ್ತಿರಬೇಕು.

ಇಂಜೆಕ್ಟರ್ ಟಕ್ ಅಂದಾಗ ಕ್ಲೀನರ್ ಗಾಜಿನ ಬಾಟಲಿಯೊಳಗೆ ಬೀಳುವುದನ್ನು ಕಣ್ಣಾರೆ ನೋಡಬಹುದು. ಮೂರನೇ ಸಿಲಿಂಡರಿನದು ಒಂದೇ ಪಕ್ಕಕ್ಕೆ ದಾರದಂತೆ ಹೋಗುತ್ತಿತ್ತು, ಜೊತೆಗೆ ಕಂದು ನೀರು. ಬಿಡದೆ ತೊಳೆಯುತ್ತಾ ಹೋದೆ. ಆಮೇಲೆ ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹಾಗೆ ಹನಿಹನಿಯಾಗಿ ಹರಡಿಕೊಂಡು ಬಂತು. ಟ್ಯಾಂಕಿಗೆ ಸುರಿಯುವ ಕ್ಲೀನರಿಗಿಂತ ಬಿಚ್ಚಿ ತೊಳೆಯುವುದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿ ಫಲ ಕಣ್ಣೆದುರೇ ಇರುತ್ತದೆ. ಎರಡನೆಯದು ಮಾತ್ರ ಸ್ವಿಚ್ ಬಿಟ್ಟ ಮೇಲೂ ತೊಟ್ಟಿಕ್ಕುತ್ತಿತ್ತು. ಎಷ್ಟು ತೊಳೆದರೂ ನಿಲ್ಲಲಿಲ್ಲ. ಒಳಗೆ ಮುಚ್ಚಿಕೊಳ್ಳುವ ಜಾಗವೇ ಸವೆದಿದ್ದರೆ ಯಾವ ಕ್ಲೀನರೂ ಏನೂ ಮಾಡಲಾರದು. ಅದೇ ಪಾರ್ಟ್ ನಂಬರಿನ ಹೊಸದನ್ನು ತಂದೆ.

ಇಂಜೆಕ್ಟರ್ ಸುತ್ತ ಸೋರದಂತೆ ತಡೆಯುವ ಓ ರಿಂಗ್ (ರಬ್ಬರ್ ಬಳೆ) ಹಳೆಯದನ್ನೇ ಮತ್ತೆ ಹಾಕಬಾರದು. ಹೊಸದಕ್ಕೆ ಒಂದು ತೊಟ್ಟು ಇಂಜಿನ್ ಆಯಿಲ್ ಸವರಿ, ತಿರುಚದೆ ಕೂರಿಸಿದೆ. ಫ್ಯೂಸ್, ಬ್ಯಾಟರಿ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡುವ ಅವಸರ ಬೇಡ. ಲೈನಿನಲ್ಲಿ ಒತ್ತಡ ಏರಲೆಂದು ಭಾವ ಕೀಯನ್ನು ಆನ್ ಮಾಡಿ ಆಫ್ ಮಾಡುತ್ತಿದ್ದರು, ನಾನು ಟಾರ್ಚ್ ಹಿಡಿದು ಪ್ರತಿ ಇಂಜೆಕ್ಟರ್ ಬುಡದಲ್ಲಿ ಬೆರಳಾಡಿಸಿದೆ. ಎಲ್ಲೂ ಒದ್ದೆಯಿರಲಿಲ್ಲ. ಆಮೇಲೇ ಸ್ಟಾರ್ಟ್. ಮೊದಲು ಸ್ವಲ್ಪ ತಡವರಿಸಿತು, ರೇಲ್ ತುಂಬಿದ ಮೇಲೆ ಐಡ್ಲಿಂಗ್ ಸಮವಾಯಿತು. ನಂಜನಗೂಡು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಇಂಜಿನ್ ಬಿಸಿ ಇರುವಾಗಲೇ ಇನ್ನೊಮ್ಮೆ ಬಾನೆಟ್ ಎತ್ತಿ ಸೋರಿಕೆ ಇಲ್ಲವೆಂದು ನೋಡಿಕೊಂಡೆ.