ಡ್ರೈವರ್ ಚಿಪ್ ಹೋಗಿದೆ ಅನ್ನುವ ಮುಂಚೆ

ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ, ಮೂರಡಿಗೆ ಎರಡಡಿಯ ಸಿಎನ್‌ಸಿ ರೂಟರ್ ಇದೆ. ಅದರಲ್ಲಿ ಮನೆ ಹೆಸರಿನ ಹಲಗೆ ಕೊರೆಯುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ‘ಶ್ರೀನಿಲಯ’ ಶುರು ಮಾಡುವ ಹೊತ್ತಿಗೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಹಚ್ಚಿದೆ. ಕೊರೆಯುವ ತಲೆಯನ್ನು ಹಿಂದೆ ಮುಂದೆ ಓಡಿಸುವ ವೈ ಆಕ್ಸಿಸ್ ಗುರ್ ಎಂದು ನಡುಗಿತೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಅಡ್ಡಕ್ಕೆ ಓಡಿಸುವ ಎಕ್ಸ್ ಮಾತ್ರ ತನ್ನ ಪಾಡಿಗೆ ಓಡಿತು. ಸಾಗುವಾನಿ ಹಲಗೆಯ ಮೇಲೆ ‘ಶ್ರೀ’ ಇರಬೇಕಾದ ಕಡೆ ಒಂದು ಉದ್ದ ಗೀರು.

ವೈ ಮೋಟರಿಗೆ ಕರೆಂಟು ಹಂಚುವ ಡ್ರೈವರ್ ಚಿಪ್ ಹೋಗಿದೆ ಎಂದು ತೀರ್ಮಾನಿಸಿ ಮರುದಿನವೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಓಡಿದೆ. ಹೊಸದು ಹಾಕಿದೆ. ಎರಡು ದಿನಕ್ಕೆ ಅದೂ ಢಮಾರ್. ಮೊದಲನೆಯದನ್ನು ಕೊಂದದ್ದು ಯಾವುದು ಎಂದು ಹುಡುಕದೆ ಎರಡನೆಯದನ್ನು ಅದೇ ಬಾಯಿಗೆ ಇಟ್ಟಿದ್ದೆ. ಈಗ ನಾನು ನೋಡುವ ಕ್ರಮ ಹೀಗಿದೆ. ನನ್ನದು ಮೂರು ಆಕ್ಸಿಸ್‌ನ ಬೋರ್ಡು, ಆಕ್ಸಿಸ್‌ಗೊಂದು ಟಿಬಿ6560 ಡ್ರೈವರ್ ಚಿಪ್. ಬೇರೆಯವಕ್ಕೂ ಬಹುಪಾಲು ಇದೇ ನಡೆಯುತ್ತದೆ.

ಏನೇ ಮುಟ್ಟುವ ಮುಂಚೆ ಪವರ್ ಆಫ್ ಮಾಡಿ, ಕೆಪಾಸಿಟರ್ ಇಳಿಯಲು ಒಂದೆರಡು ನಿಮಿಷ ಬಿಡಿ. ಬೋರ್ಡು ಆನ್ ಇದ್ದಾಗ ಮೋಟರಿನ ವೈರು ಕೀಳಲೇಬಾರದು. ಕಾಯಿಲ್‌ನಲ್ಲಿ ಹರಿಯುತ್ತಿದ್ದ ಕರೆಂಟು ದಿಢೀರನೆ ಕಡಿದರೆ ಎದ್ದು ಬರುವ ವೋಲ್ಟೇಜ್ ನೇರ ಚಿಪ್‌ಗೇ ಹೊಡೆಯುತ್ತದೆ.

ಮೊದಲು ಅದಲು ಬದಲು ಮಾಡಿ. ಕೆಟ್ಟಿರುವ ವೈ ಔಟ್‌ಪುಟ್ಟಿಗೆ ಚೆನ್ನಾಗಿರುವ ಎಕ್ಸ್ ಮೋಟರನ್ನು ಅದರದೇ ಕೇಬಲ್ ಸಮೇತ ಹಾಕಿ. ಎಕ್ಸ್ ಮೋಟರೂ ನಡುಗಿದರೆ ಮೋಟರಿನ ತಪ್ಪಲ್ಲ. ಆಮೇಲೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ ಕಡೆಯಿಂದ ಬರುವ ಸ್ಟೆಪ್, ಡೈರೆಕ್ಷನ್ ವೈರುಗಳನ್ನು ಎಕ್ಸ್‌ಗೂ ವೈಗೂ ಬದಲಿಸಿ. ತೊಂದರೆ ಆಗಲೂ ವೈ ಔಟ್‌ಪುಟ್ಟಿನಲ್ಲೇ ಕೂತಿದ್ದರೆ ಬೋರ್ಡಿನ ಮೇಲೆ ಅನುಮಾನ ಪಡಿ, ಎಕ್ಸ್‌ಗೆ ಹಾರಿದರೆ ಸಿಗ್ನಲ್ ಕಡೆ ನೋಡಿ. ಒಂದೇ ದಿಕ್ಕಿಗೆ ತಿರುಗುವ ಮೋಟರಿಗೂ ಪವರ್ ಭಾಗಕ್ಕೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ, ಡೈರೆಕ್ಷನ್ ವೈರು ಅಥವಾ ಅದರ ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ನೋಡಿ. ನಡುಗಿ ನಿಲ್ಲುವುದು ಎಂದರೆ ಬಹುಮಟ್ಟಿಗೆ ಮೋಟರಿನ ಎರಡು ಕಾಯಿಲ್‌ಗಳಲ್ಲಿ ಒಂದಕ್ಕೆ ಊಟ ಸಿಗುತ್ತಿಲ್ಲ ಎಂದರ್ಥ.

ಕಾಯಿಲ್ ನೋಡಲು ಮೋಟರಿನ ವೈರುಗಳನ್ನು ಬೋರ್ಡಿನಿಂದ ಕಳಚಿ ಮಲ್ಟಿಮೀಟರ್ ಹಿಡಿಯಿರಿ. ಎರಡೂ ಕಾಯಿಲ್ ಹೆಚ್ಚೂಕಡಿಮೆ ಒಂದೇ ಓಮ್ ತೋರಿಸಬೇಕು, ಸಾಮಾನ್ಯವಾಗಿ ಕೆಲವೇ ಓಮ್. ಮೀಟರ್ ಹಿಡಿದೇ ಕೇಬಲನ್ನು ಉದ್ದಕ್ಕೂ ಬಾಗಿಸುತ್ತಾ ಬನ್ನಿ, ಮುಖ್ಯವಾಗಿ ಕೇಬಲನ್ನು ಹೊತ್ತು ಬಾಗುವ ಡ್ರ್ಯಾಗ್ ಚೈನಿನ ಒಳಗೆ. ನನ್ನ ಕೇಬಲ್ ಹೊರಗೆ ಮದುವೆ ಹೆಣ್ಣಿನಂತಿತ್ತು, ಒಳಗೆ ತಾಮ್ರದ ಎಳೆಗಳು ಮುರಿದಿದ್ದವು. ಗ್ಯಾಂಟ್ರಿ, ಅಂದರೆ ತಲೆಯನ್ನು ಹೊತ್ತ ಅಡ್ಡ ಸೇತುವೆ, ಒಂದು ಕಡೆ ಬಂದಾಗ ಮಾತ್ರ ರೀಡಿಂಗ್ ಹಾರಿ ಹೋಗುತ್ತಿತ್ತು. ಅಂದರೆ ಓಡುತ್ತಿರುವಾಗಲೇ ನಾನು ದಿನಕ್ಕೆ ನೂರು ಸಲ ಮೋಟರನ್ನು ಕಿತ್ತು ಹಾಕುತ್ತಿದ್ದೆ. ಮೊದಲ ಕೊಲೆಗಾರ ಸಿಕ್ಕ.

ಈಗ ಚಿಪ್. ಮೋಟರ್ ಕಳಚಿ, ಪವರ್ ಪೂರ್ತಿ ತೆಗೆದು, ಮೀಟರನ್ನು ಡಯೋಡ್ ಮೋಡಿಗೆ ಇಡಿ. ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪು ಪ್ರೋಬನ್ನು ಒಂದೊಂದಾಗಿ ನಾಲ್ಕು ಔಟ್‌ಪುಟ್ ಸ್ಕ್ರೂಗಳಿಗೆ. ಒಳಗಿನ ಮಾಸ್‌ಫೆಟ್ ಸ್ವಿಚ್ಚುಗಳ ಡಯೋಡ್ ಕಾರಣ ಸುಮಾರು 0.4ರಿಂದ 0.6 ವೋಲ್ಟ್ ಕಾಣಬೇಕು. ಆಮೇಲೆ ಕಪ್ಪು ಪ್ರೋಬ್ ಮೋಟರ್ ಪವರಿನ ಪ್ಲಸ್‌ಗೆ, ಕೆಂಪು ಔಟ್‌ಪುಟ್‌ಗಳಿಗೆ. ಅಲ್ಲೂ ಅಷ್ಟೇ ಬರಬೇಕು. ಅಂಕಿಗಿಂತ ಮುಖ್ಯ ಹೋಲಿಕೆ: ಎಕ್ಸ್‌ನ ನಾಲ್ಕು, ಝಡ್‌ನ ನಾಲ್ಕು ಬರೆದುಕೊಂಡು ಪಕ್ಕದಲ್ಲಿ ವೈಯನ್ನು ಬರೆಯಿರಿ. ನನ್ನದರಲ್ಲಿ ಮೂರು ಕಡೆ 0.5ರ ಆಸುಪಾಸು, ನಾಲ್ಕನೆಯದು ಸೊನ್ನೆ, ಬೀಪ್ ಬೇರೆ. ಆ ಚಿಪ್ ಸತ್ತಿರುವುದರಲ್ಲಿ ಅನುಮಾನವಿಲ್ಲ. ಏನೂ ತೋರಿಸದಿದ್ದರೆ ಚಿಪ್ ಬಯ್ಯುವ ಮುಂಚೆ ಪಕ್ಕದ, ಮೋಟರಿನ ಕರೆಂಟು ಅಳೆಯುವ ದಪ್ಪ ಸೆನ್ಸ್ ರೆಸಿಸ್ಟರುಗಳನ್ನು ನೋಡಿ, ಅವು ಸುಟ್ಟು ಓಪನ್ ಆಗಿರುವುದುಂಟು. ಒಂದು ಓಮ್‌ಗೂ ಕಡಿಮೆ ಇರುವವು, ಅಗ್ಗದ ಮೀಟರಿಗೆ ಸರಿಯಾಗಿ ಅಳೆಯಲಾಗದು. ಬದುಕಿದೆಯೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕು.

ಎ4988 ಅಥವಾ ಡಿಆರ್‌ವಿ8825 ಎಂಬ, ಸಿಕ್ಕಿಸಿ ತೆಗೆಯುವ ಪುಟ್ಟ ಡ್ರೈವರ್ ಮಾಡ್ಯೂಲ್ ಇರುವವರು ಇಷ್ಟೆಲ್ಲ ಕಷ್ಟ ಪಡಬೇಡಿ. ಮಾಡ್ಯೂಲ್ ಬದಲಿಸಿ ನೋಡಿ. ಆದರೆ ತಿರುಗುಮುರುಗು ಸಿಕ್ಕಿಸಿದರೆ ಹೊಸದೂ ಹೋಗುತ್ತದೆ, ಮಾಡ್ಯೂಲಿನ ಇನೇಬಲ್ ಪಿನ್ ಬೋರ್ಡಿನ ಇನೇಬಲ್ ಜಾಗಕ್ಕೇ ಬಂದಿದೆಯೇ ಎಂದು ಎರಡು ಸಲ ನೋಡಿ. ಕರೆಂಟಿನ ಮಿತಿ ಇಡುವ ವೋಲ್ಟೇಜ್‌ನ (ವಿ-ರೆಫ್) ಲೆಕ್ಕವೂ ಎರಡಕ್ಕೂ ಬೇರೆ. ಸೆನ್ಸ್ ರೆಸಿಸ್ಟರ್ 0.1 ಓಮ್ ಇದ್ದರೆ 1 ಆಂಪಿಯರಿಗೆ ಎ4988ರ ವಿ-ರೆಫ್ 0.8 ವೋಲ್ಟ್, ಡಿಆರ್‌ವಿ8825ರದು 0.5.

ಟಿಬಿ6560 ಕೊಳ್ಳುವಾಗ ಕೊನೆಯ ಅಕ್ಷರಗಳನ್ನೂ ಹೇಳಿ. ಎಎಚ್‌ಕ್ಯೂ ಅಂದರೆ ಹೀಟ್‌ಸಿಂಕ್‌ಗೆ ಸ್ಕ್ರೂ ಮಾಡುವ 25 ಕಾಲಿನದು, ಎಎಫ್‌ಜಿ ಅಂದರೆ ಚಪ್ಪಟೆಯ 64 ಕಾಲಿನದು. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದು ಹೋಗಿ ತಪ್ಪು ಚಿಪ್ ತಂದವನ ಮಾತಿದು. ಮೇಲಿನ ಬರಹವನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿ ನೋಡುತ್ತೇನೆ. ಕಪ್ಪು ಬಣ್ಣವೇ ಹತ್ತಿಗೆ ಬಂದರೆ ಹಳೆಯದಕ್ಕೆ ಬಣ್ಣ ಬಳಿದು ಹೊಸ ಹೆಸರಿಟ್ಟಿದ್ದಾರೆ.

ತೆಗೆಯುವಾಗ ಚಿಪ್ ಉಳಿಸಲು ಹೋಗಬೇಡಿ, ಬೋರ್ಡು ಉಳಿಸಿ. ಕಟರ್‌ನಿಂದ 25 ಕಾಲನ್ನೂ ಕತ್ತರಿಸಿ, ಒಂದೊಂದನ್ನೇ ಕಾಯಿಸಿ ಎಳೆಯಿರಿ. ತೂತಿನೊಳಗಿನ ಸೋಲ್ಡರ್ ಸೀಸ ಹೊರಬರದಿದ್ದರೆ ಮೇಲೆ ಹೊಸ ಸೀಸ ತಾಗಿಸಿ, ಆಮೇಲೆ ಹೀರಿ. ಅವಸರಕ್ಕೆ ಬಿದ್ದು ನಾನು ಬೋರ್ಡಿನ ಒಂದು ತಾಮ್ರದ ಪ್ಯಾಡ್ ಎಬ್ಬಿಸಿದೆ. ಈಗಲೂ ಅಲ್ಲಿ ಒಂದು ತೆಳು ತಂತಿ ಸೇತುವೆಯಾಗಿ ಕೂತಿದೆ. ಹೊಸ ಚಿಪ್ಪಿಗೆ ಶಾಖ ದಾಟಿಸುವ ಪೇಸ್ಟ್ ಹಚ್ಚಿ ಮೊದಲು ಹೀಟ್‌ಸಿಂಕಿಗೆ ಬಿಗಿಯಿರಿ, ಸೋಲ್ಡರ್ ಆಮೇಲೆ. ಉಲ್ಟಾ ಮಾಡಿದರೆ ಸ್ಕ್ರೂ ಬಿಗಿಯುವಾಗ ಕಾಲುಗಳ ಮೇಲೆ ಭಾರ ಬೀಳುತ್ತದೆ.

ನನ್ನ ಎರಡನೆಯ ಕೊಲೆಗಾರ ಕರೆಂಟು ಬರುವ ಕ್ರಮ. ಟಿಬಿ6560ಗೆ ಮೊದಲು ಲಾಜಿಕ್‌ನ 5 ವೋಲ್ಟ್ ಬರಬೇಕು, ಆಮೇಲೆ ಮೋಟರಿನ ವೋಲ್ಟೇಜ್. ಆರಿಸುವಾಗ ಇದರ ಉಲ್ಟಾ. ನಾನು 5 ವೋಲ್ಟನ್ನು ಹಳೆಯ ಮೊಬೈಲ್ ಚಾರ್ಜರಿನಿಂದ, 24 ವೋಲ್ಟನ್ನು ಎಸ್‌ಎಂಪಿಎಸ್ ಪವರ್ ಸಪ್ಲೈಯಿಂದ ಕೊಟ್ಟು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ್ದೆ. ಕರೆಂಟು ಹೋಗಿ ಬಂದಾಗ ಯಾರು ಮೊದಲು ಏಳುತ್ತಾರೋ ಅವರದೇ ರಾಜ್ಯ. ಈಗ 24 ವೋಲ್ಟಿನ ದಾರಿಯಲ್ಲಿ ಒಂದು ರಿಲೇ, ಅಂದರೆ ಕಾಯಿಲ್‌ಗೆ ಕರೆಂಟು ಬಂದಾಗ ಕೂಡಿಕೊಳ್ಳುವ ಸ್ವಿಚ್ಚು ಇದೆ, ಅದರ ಕಾಯಿಲ್‌ಗೆ 5 ವೋಲ್ಟ್, ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್. 5 ಬರುವವರೆಗೂ 24 ಬೋರ್ಡಿಗೆ ಕಾಲಿಡುವುದಿಲ್ಲ. ಚಿಪ್‌ನ ಮಿತಿ 40 ವೋಲ್ಟ್ ಎಂದು 36ರ ಸಪ್ಲೈ ಹಾಕುವವರಿದ್ದಾರೆ. ಮೋಟರ್ ಬ್ರೇಕ್ ಹಾಕುವಾಗ ವಾಪಸ್ ಬರುವ ವೋಲ್ಟೇಜ್‌ಗೆ ಉಳಿದ ಆ 4 ಎಲ್ಲಿ ಸಾಕು? ನಾನು 24 ದಾಟುವುದಿಲ್ಲ.

ಮೊದಲ ಸಲ ಆನ್ ಮಾಡುವಾಗ ಮೋಟರ್ ಇಲ್ಲದೆ, 12 ವೋಲ್ಟಿನಲ್ಲಿ, ಸ್ಕೂಟರಿನ ಇಂಡಿಕೇಟರ್ ಬಲ್ಬನ್ನು ಪ್ಲಸ್ ವೈರಿನ ಸಾಲಿನಲ್ಲಿ ಹಾಕಿ. ಶಾರ್ಟ್ ಉಳಿದಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಚಿಪ್ ಬಚಾವ್. ಒಮ್ಮೆ ಮಿನುಗಿ ಆರಿದರೆ ಕೆಪಾಸಿಟರ್ ತುಂಬಿತು ಅಷ್ಟೇ. ಆಫ್ ಮಾಡಿ, ಬಲ್ಬ್ ತೆಗೆದು, ಮೋಟರ್ ಹಾಕಿ, ಆರ್ಡುಯಿನೊದಲ್ಲಿ ಓಡುವ ಜಿಆರ್‌ಬಿಎಲ್ ತಂತ್ರಾಂಶದಲ್ಲಿ $1=255 ಕೊಟ್ಟು ಒಂದು ಮಿಲಿಮೀಟರ್ ಓಡಿಸಿ. ನಿಂತ ಮೇಲೂ ಮೋಟರ್ ಬಿಗಿ ಹಿಡಿದಿರುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟು ಮೂರು ಚಿಪ್‌ಗಳ ಹತ್ತಿರವೂ ಹೀಟ್‌ಸಿಂಕ್ ಮುಟ್ಟಿ ನೋಡಿ. ನನ್ನದರಲ್ಲಿ ವೈ ಬಳಿ ಮಾತ್ರ ಬೆರಳಿಡಲಾಗಲಿಲ್ಲ. ಬಿಚ್ಚಿದರೆ, ಪೇಸ್ಟ್ ಒಂದು ಮೂಲೆಗೆ ಮಾತ್ರ ಹತ್ತಿತ್ತು.