ಟಂಬ್ಲರಿನಲ್ಲಿ ಸಣ್ಣ ಬಿಡಿಭಾಗಗಳ ಹೊಳಪು: ಸವೆಸುವುದು ಮೊದಲು, ಮೆರುಗು ಆಮೇಲೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಹಾಗೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಶಾಪುಗಳಲ್ಲಿ ಲೇಥಿನಿಂದ ಇಳಿಯುವ ನಟ್ಟು, ವಾಷರ್, ಪಿನ್ನುಗಳ ಅಂಚಿನಲ್ಲಿ ಚೂಪಾದ ಬರ್, ಅಂದರೆ ಲೋಹ ಕತ್ತರಿಸುವಾಗ ಏಳುವ ಸಿಬಿರು, ಉಳಿದಿರುತ್ತದೆ. ಮೈಮೇಲೆ ಎಣ್ಣೆಯೂ ಟೂಲಿನ ಗೆರೆಗಳೂ ಇರುತ್ತವೆ. ಇವುಗಳನ್ನು ಒಂದೊಂದಾಗಿ ಅರದಿಂದ ಉಜ್ಜಿ ಬಫಿಂಗ್ ಚಕ್ರಕ್ಕೆ ಹಿಡಿಯಲು ಬಹಳ ವೇಳೆ ಬೇಕು. ತುಂಡು ಚಿಕ್ಕದಾದಷ್ಟೂ ಬೆರಳಿಗೆ ಅಪಾಯ ಹೆಚ್ಚು. ತಿರುಗುವ ಡ್ರಮ್ಮಿನೊಳಗೆ ನೂರಾರು ತುಂಡುಗಳಿಗೆ ಒಮ್ಮೆಲೇ ಆ ಕೆಲಸ ಮಾಡುವ ಯಂತ್ರವೇ ಟಂಬ್ಲರ್. ಒರಟು ಮೈಯನ್ನು ಸವೆಸುವುದು ಒಂದು ಕೆಲಸ, ಸವೆದ ಮೈಗೆ ಮೆರುಗು ಕೊಡುವುದು ಇನ್ನೊಂದು. ಎರಡನ್ನೂ ಒಂದೇ ಸರದಿಯಲ್ಲಿ, ಒಂದೇ ವಸ್ತುವಿನಿಂದ ಮುಗಿಸಲು ಹೊರಟರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಯಂತ್ರದಲ್ಲಿ ತಿರುಗುವ ಬಗೆ ಮತ್ತು ಕಂಪಿಸುವ ಬಗೆ ಎಂದು ಎರಡುಂಟು. ಕಂಪಿಸುವ ಯಂತ್ರ ಬೇಗ ಕೆಲಸ ಮುಗಿಸುತ್ತದೆ. ಆದರೆ ತಿರುಗುವ ಡ್ರಮ್ಮನ್ನು ಊರಿನಲ್ಲಿಯೇ ಕಟ್ಟಿಸಬಹುದಾದ್ದರಿಂದ ಇಲ್ಲಿ ಅದನ್ನೇ ವಿವರಿಸುತ್ತೇನೆ. ದುಂಡು ಡ್ರಮ್ಮಾದರೆ ಒಳಗೋಡೆಗೆ ಉದ್ದಕ್ಕೂ ಮೂರ್ನಾಲ್ಕು ರಬ್ಬರ್ ಪಟ್ಟಿಗಳನ್ನು ಕೂರಿಸಬೇಕು. ಇಲ್ಲದಿದ್ದರೆ ಒಳಗಿನ ರಾಶಿ ಮೇಲೇರದೆ ತಳದಲ್ಲಿಯೇ ಜಾರುತ್ತಿರುತ್ತದೆ.

ವೇಗದ ಲೆಕ್ಕವನ್ನು ತಪ್ಪದೆ ಮಾಡಿಕೊಳ್ಳಬೇಕು. 30 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ ಸುಮಾರು 77 ಸುತ್ತು ತಲುಪಿದರೆ ಒಳಗಿನದೆಲ್ಲ ಗೋಡೆಗೆ ಒತ್ತಿಕೊಂಡು ಡ್ರಮ್ಮಿನ ಜೊತೆಯಲ್ಲೇ ಸುತ್ತುತ್ತದೆ, ಉಜ್ಜಾಟವೇ ನಡೆಯುವುದಿಲ್ಲ. ಆದ್ದರಿಂದ ಅದರ ಅರ್ಧಕ್ಕಿಂತ ಕಡಿಮೆ, ಅಂದರೆ ನಿಮಿಷಕ್ಕೆ 25ರಿಂದ 35 ಸುತ್ತು ಸಾಕು. 1440 ಸುತ್ತಿನ ಮೋಟರಿಗೆ 2 ಇಂಚಿನ ಪುಲ್ಲಿ, ಡ್ರಮ್ಮನ್ನು ಹೊತ್ತು ತಿರುಗಿಸುವ ರೋಲರಿನ ಶಾಫ್ಟಿಗೆ 10 ಇಂಚಿನ ಪುಲ್ಲಿ ಹಾಕಿದರೆ ರೋಲರ್ 288 ಸುತ್ತು ತಿರುಗುತ್ತದೆ; ಆ ರೋಲರ್ 30 ಮಿ.ಮೀ. ದಪ್ಪವಿದ್ದರೆ ಅದರ ಮೇಲೆ ಕುಳಿತ ಡ್ರಮ್ ಸುಮಾರು 29 ಸುತ್ತು ತಿರುಗುತ್ತದೆ. ಬೆಲ್ಟಿಗೆ ಗಾರ್ಡ್ ಇಲ್ಲದೆ ಮೋಟರ್ ಹಚ್ಚಕೂಡದು.

ಮುಂದಿನದು ತುಂಡುಗಳನ್ನು ಬೇರ್ಪಡಿಸುವ ಕೆಲಸ. ಉಕ್ಕನ್ನೂ ಹಿತ್ತಾಳೆಯನ್ನೂ ಕೂಡಿಸಿ ಹಾಕಿದರೆ ಗಟ್ಟಿಯಾದ ಉಕ್ಕು ಹಿತ್ತಾಳೆಯನ್ನು ಗೀರುತ್ತದೆ. ಚಪ್ಪಟೆ ವಾಷರುಗಳು ಒದ್ದೆಯಾದಾಗ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಒಂದು ಸರದಿಗೆ ಕೆಲವನ್ನಷ್ಟೇ ಹಾಕಬೇಕು. ಲೇಪನವಿರುವ ಭಾಗ, ಬೇರಿಂಗ್ ಕೂರುವ ಜಾಗ, ವಾಲ್ವಿನ ಸೀಟಿನಂತೆ ಅಳತೆ ಬದಲಾಗಬಾರದ ಮೈ ಇವು ಡ್ರಮ್ಮಿಗೆ ಸಲ್ಲವು. ಧಾರವಾಡ, ಹುಬ್ಬಳ್ಳಿ, ಗದಗ ಹಿಂದೂಸ್ತಾನಿ ಸಂಗೀತದ ನೆಲವಾದ್ದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಹಾರ್ಮೋನಿಯಂ ರಿಪೇರಿ ಮಾಡುವವರು ಅದರ ಸ್ಕ್ರೂ, ಕೊಂಡಿ, ಕೀಲುಗಳಿಗೆ ಟಂಬ್ಲರ್ ಬಳಸಬಹುದು, ಆದರೆ ಹಿತ್ತಾಳೆಯ ರೀಡುಗಳನ್ನು ಎಂದಿಗೂ ಹಾಕಬಾರದು. ರೀಡಿನ ನಾಲಗೆ ಕೂದಲೆಳೆಯಷ್ಟು ಸವೆದರೂ ಶ್ರುತಿ ಬದಲಾಗುತ್ತದೆ.

ಬೇರ್ಪಡಿಸಿದ ತುಂಡುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್ಷಿನಿಂದ ತಿಕ್ಕಿ, ನಂತರ ಬಿಸಿ ಸೋಪುನೀರಿನಲ್ಲಿ ತೊಳೆಯಬೇಕು. ಎಣ್ಣೆ ಉಳಿದರೆ ಅದು ಉಜ್ಜುವ ವಸ್ತುವಿಗೆ ಮೆತ್ತಿಕೊಂಡು ಮುಂದಿನ ಪ್ರತಿ ಸರದಿಯನ್ನೂ ಕೆಡಿಸುತ್ತದೆ. ಪೆಟ್ರೋಲನ್ನು ತೊಳೆಯಲೂ ಬಳಸಬೇಡಿ, ಡ್ರಮ್ಮಿಗಂತೂ ಹಾಕಲೇಬೇಡಿ.

ಮೊದಲ ಸರದಿ ಒದ್ದೆಯದು. ಉಜ್ಜುವ ವಸ್ತುವಾಗಿ ಉಕ್ಕಿಗೆ ಸೆರಾಮಿಕ್ ಹರಳು, ಅಲ್ಯೂಮಿನಿಯಂ ಮತ್ತು ಹಿತ್ತಾಳೆಯಂತಹ ಮೆತ್ತನೆಯ ಲೋಹಕ್ಕೆ ಪ್ಲಾಸ್ಟಿಕ್ ಹರಳು ಸರಿಹೊಂದುತ್ತದೆ. ಬರ್ ಇಲ್ಲದೆ ಬರೀ ಕಿಲುಬು ಹಿಡಿದ ಹಳೆಯ ಹಿತ್ತಾಳೆಯಾದರೆ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳು ಸಾಕು. ಅವು ಲೋಹವನ್ನು ಹೆಚ್ಚು ಸವೆಸದೆ ಸಂದುಗೊಂದಿಗಳನ್ನು ತಲುಪುತ್ತವೆ. ಹರಳಿನ ಗಾತ್ರವನ್ನು ತೂತಿಗೆ ಹೋಲಿಸಿಯೇ ಕೊಳ್ಳಬೇಕು: ಸರಾಗವಾಗಿ ಹಾದುಹೋಗುವಷ್ಟು ಚಿಕ್ಕದಿರಬೇಕು, ಇಲ್ಲವೇ ಒಳಗೆ ಹೋಗಲಾರದಷ್ಟು ದೊಡ್ಡದಿರಬೇಕು. ಇವೆರಡರ ನಡುವಿನ ಗಾತ್ರವಾದರೆ ತೂತಿನಲ್ಲಿ ಸಿಕ್ಕಿಕೊಂಡು, ಒಂದೊಂದನ್ನೂ ಮೊಳೆಯಿಂದ ಕುಟ್ಟಿ ತೆಗೆಯಬೇಕಾಗುತ್ತದೆ.

ಅಳತೆಯಲ್ಲಿ ಮೂರು ಪಾಲು ಹರಳಿಗೆ ಒಂದು ಪಾಲು ಬಿಡಿಭಾಗ ಹಾಕಿ, ಡ್ರಮ್ ಅರ್ಧಕ್ಕಿಂತ ತುಸು ಹೆಚ್ಚು ತುಂಬುವಂತೆ ನೋಡಿಕೊಳ್ಳಬೇಕು. ಕಡಿಮೆ ತುಂಬಿದರೆ ತುಂಡುಗಳು ಒಂದರ ಮೇಲೊಂದು ಬಿದ್ದು ನೆಗ್ಗುತ್ತವೆ. ಹೆಚ್ಚು ತುಂಬಿದರೆ ರಾಶಿ ಹೊರಳುವುದೇ ಇಲ್ಲ. ರಾಶಿಯ ಮೇಲ್ಮಟ್ಟಕ್ಕೆ ಬರುವಷ್ಟು ನೀರು, ಅದಕ್ಕೆ ಪಾತ್ರೆ ತೊಳೆಯುವ ದ್ರವ ಸೋಪು ಸ್ವಲ್ಪ ಹಾಕಿದರೆ ಸಾಕು. ಹಿತ್ತಾಳೆಯ ಕಿಲುಬಿಗೆ ಲೀಟರಿಗೆ ಸುಮಾರು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಬಹುದು. ಅಳತೆ ಮೀರಿ ಹಾಕಿದರೆ ಹಿತ್ತಾಳೆಯ ಮೈಯಲ್ಲಿನ ಸತು ಕರಗಿ, ತಾಮ್ರದ ಕೆಂಪು ಕಾಣಿಸಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಆಮ್ಲವನ್ನಾಗಲಿ, ಕ್ಷಾರದ ಸೋಪನ್ನಾಗಲಿ ಬಳಸಬಾರದು; ಅವುಗಳೊಡನೆ ಸೇರಿದರೆ ಅದು ಹೈಡ್ರೋಜನ್ ಅನಿಲ ಬಿಡುತ್ತದೆ, ಬಿಗಿಯಾಗಿ ಮುಚ್ಚಿದ ಡ್ರಮ್ ಒತ್ತಡದಿಂದ ಸಿಡಿಯಬಹುದು. ಸಾದಾ ಸೋಪು ಬಳಸಿದಾಗಲೂ ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ, ಬೆಂಕಿಯಿಂದ ದೂರದಲ್ಲಿ ಮುಚ್ಚಳ ಸಡಿಲಿಸಬೇಕು.

ಉಕ್ಕಿನ ಬರ್ ಹೋಗಲು ನಾಲ್ಕರಿಂದ ಎಂಟು ಗಂಟೆ, ಸ್ಟೀಲ್ ಕಡ್ಡಿಯಲ್ಲಿ ಹಿತ್ತಾಳೆಗೆ ಒಂದರಿಂದ ಮೂರು ಗಂಟೆ ಹಿಡಿಯುತ್ತದೆ. ಆದರೆ ಗಡಿಯಾರಕ್ಕಿಂತ ಬೆರಳನ್ನೇ ನಂಬಬೇಕು: ಅಂಚಿನ ಮೇಲೆ ಉಗುರು ಆಡಿಸಿ, ಎಲ್ಲಿಯೂ ತಡೆಯದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಓಡಿಸಿದರೆ ಥ್ರೆಡ್ಡಿನ ಮೂಲೆಗಳು ದುಂಡಗಾಗುತ್ತವೆ.

ಡ್ರಮ್ಮಿನಿಂದ ತೆಗೆದ ಕೂಡಲೇ ಜರಡಿಯಲ್ಲಿ ಹಾಕಿ ತೊಳೆಯಬೇಕು. ಕಡೆಯ ತೊಳೆತಕ್ಕೆ ಬಿಸಿ ನೀರು ಬಳಸಿದರೆ ತುಂಡು ತನ್ನ ಬಿಸಿಗೇ ಒಣಗುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಿಳಿ ಕಲೆ ಉಳಿಯುತ್ತದೆ. ಕಡೆಯದಾಗಿ ಅದ್ದಿ ತೆಗೆಯಲು ಬ್ಯಾಟರಿ ನೀರು (ಬ್ಯಾಟರಿಗೆ ತುಂಬುವ ಶುದ್ಧ ಡಿಸ್ಟಿಲ್ಡ್ ನೀರು, ಆಮ್ಲವಲ್ಲ) ಉತ್ತಮ. ಧಾರವಾಡದ ಮಳೆಗಾಲದಲ್ಲಿ ಒದ್ದೆ ಉಕ್ಕು ಕಣ್ಣೆದುರಿಗೇ ಜಂಗು ಹಿಡಿಯುವುದರಿಂದ ಒಣಗಿಸುವ ವ್ಯವಸ್ಥೆಯನ್ನು ಮೊದಲೇ ಸಿದ್ಧವಿಟ್ಟುಕೊಳ್ಳಬೇಕು.

ಎರಡನೆಯ ಸರದಿ ಒಣದು. ಇದಕ್ಕೆ ಬೇಕಾದ ವಸ್ತು ಹಾವೇರಿ ಜಿಲ್ಲೆಯಲ್ಲಿ ಧಾರಾಳವಾಗಿದೆ: ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡು. ಅದರ ಒಳಗಿನ ಮೆತ್ತನೆಯ ತಿರುಳು ಕೆಲಸಕ್ಕೆ ಬಾರದು. ಸುತ್ತಲಿನ ಗಟ್ಟಿ ಭಾಗವನ್ನು ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಜರಡಿಯಾಡಿ ಒಂದೆರಡು ಮಿ.ಮೀ. ಗಾತ್ರದ ನುಚ್ಚನ್ನು ಉಳಿಸಿಕೊಳ್ಳಬೇಕು. ಅದಕ್ಕೆ ಒಂದೆರಡು ಚಮಚ ಲೋಹದ ಪಾಲಿಶ್ ಹಾಕಿ, ತುಂಡುಗಳಿಲ್ಲದೆ ಹತ್ತು ನಿಮಿಷ ತಿರುಗಿಸಿ ಸಮನಾಗಿ ಬೆರೆಸಿದ ಬಳಿಕ ಬಿಡಿಭಾಗಗಳನ್ನು ಸೇರಿಸಬೇಕು. ಹಿತ್ತಾಳೆಗೆ ಅಮೋನಿಯ ಇಲ್ಲದ ಪಾಲಿಶ್ಶನ್ನೇ ಆರಿಸಬೇಕು, ಏಕೆಂದರೆ ಒಳಗೆ ಬಿಗಿತವಿರುವ ಹಿತ್ತಾಳೆಯನ್ನು ಅಮೋನಿಯ ಬಿರುಕು ಬಿಡಿಸುತ್ತದೆ. ಮೂರರಿಂದ ಆರು ಗಂಟೆಯಲ್ಲಿ ಮೆರುಗು ಬರುತ್ತದೆ. ಒದ್ದೆ ಸರದಿಯಲ್ಲಿ ಉಳಿದುಹೋದ ಗೀರನ್ನು ಈ ನುಚ್ಚು ತೆಗೆಯಲಾರದು, ಗೀರಿನ ಮೇಲೆಯೇ ಹೊಳಪು ಕೂರಿಸುತ್ತದೆ; ಹಾಗೆ ಕಂಡರೆ ಹಿಂದಿನ ಸರದಿಗೇ ಮರಳಬೇಕು. ಮುಚ್ಚಳ ತೆರೆಯುವಾಗ ಮಾಸ್ಕ್ ಧರಿಸಿ, ಏಕೆಂದರೆ ಆ ದೂಳಿನಲ್ಲಿ ಲೋಹದ ಕಣಗಳೂ ಇರುತ್ತವೆ.

ಉಕ್ಕಿನ ತುಂಡುಗಳಿಗೆ ತೆಳುವಾಗಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಬೇಕು. ಡ್ರಮ್ಮಿನ ಕಪ್ಪು ನೀರನ್ನು ಗಟಾರಕ್ಕೆ ಚೆಲ್ಲದೆ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು, ತಿಳಿನೀರನ್ನು ಮುಂದಿನ ಒದ್ದೆ ಸರದಿಗೆ ಬಳಸಿ, ತಳದ ರಾಡಿಯನ್ನು ಒಣಗಿಸಿ ಡಬ್ಬಿಯಲ್ಲಿ ಬೇರೆಯಾಗಿ ಕೂಡಿಡಬೇಕು. ನುಚ್ಚು ಕಪ್ಪಾಗಿ ಹೊಳಪು ತಡವಾಗತೊಡಗಿದಾಗ ಅದನ್ನೂ ಆ ರಾಡಿಯ ಜೊತೆಗೇ ಇಡಬೇಕೇ ಹೊರತು ದನದ ಮೇವಿಗಾಗಲಿ, ಒಲೆಗಾಗಲಿ ಹಾಕಬಾರದು.