ಎಚ್ಚರ ತಪ್ಪಿ ಬೀಳುವ ಮೊದಲೇ ಮಲಗಿಬಿಡಿ

ಬಹಳ ಹೊತ್ತು ನಿಂತಾಗ, ಸೆಕೆಯಲ್ಲಿ, ರಕ್ತ ಕಂಡಾಗ, ಸೂಜಿ ಚುಚ್ಚುವಾಗ ಕಣ್ಣು ಕತ್ತಲೆ ಬಂದು ಬೀಳುವುದು ಹೆಚ್ಚಾಗಿ ವೇಸೋವೇಗಲ್ ಎಂಬ ಬಗೆಯದು. ರಕ್ತನಾಳಗಳು ಸಡಿಲಗೊಂಡು ರಕ್ತ ಕಾಲಲ್ಲೇ ಉಳಿಯುತ್ತದೆ, ಅದೇ ಹೊತ್ತಿಗೆ ಎದೆಬಡಿತವೂ ನಿಧಾನವಾಗುತ್ತದೆ. ಬಿಪಿ ಕುಸಿದು ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ದೇಹ ನೆಲಕ್ಕೆ ಅಡ್ಡವಾದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚರ ಮರಳುತ್ತದೆ. ಈ ಬಗೆಯಲ್ಲಿ ನಿಜವಾದ ಅಪಾಯ ತಲೆ, ಹಲ್ಲು, ಮೂಳೆಗೆ ಬೀಳುವ ಪೆಟ್ಟು.

ಆದ್ದರಿಂದ ಮುನ್ಸೂಚನೆಗಳನ್ನು ಗುರುತಿಸಲು ಕಲಿಯಬೇಕು: ತಣ್ಣನೆಯ ಬೆವರು, ವಾಕರಿಕೆ, ಮೇಲಿಂದ ಮೇಲೆ ಆಕಳಿಕೆ, ಕಿವಿಯಲ್ಲಿ ಗುಂಯ್ ಸದ್ದು, ಅಂಚಿನಿಂದ ಮಸುಕಾಗುತ್ತ ಬರುವ ನೋಟ. ಇವು ಶುರುವಾದ ಮೇಲೆ ಸಿಗುವುದು ಕೆಲವೇ ಸೆಕೆಂಡು ಇರಬಹುದು. ಹಲವರು ಆ ಹೊತ್ತನ್ನು ವಾಕರಿಕೆಗೆಂದು ಬಚ್ಚಲಿಗೆ ನಡೆದು ಕಳೆಯುತ್ತಾರೆ, ಚಿಲಕ ಹಾಕಿಕೊಂಡು ಗಟ್ಟಿ ನೆಲದ ಮೇಲೆ ಬೀಳುತ್ತಾರೆ. ಎಲ್ಲಿದ್ದೀರೋ ಅಲ್ಲೇ ಮಲಗಿ, ಕಾಲನ್ನು ಕುರ್ಚಿಯ ಮೇಲೋ ಗೋಡೆಗೋ ಎತ್ತಿಡಿ. ನಾಲ್ಕು ಜನ ನೋಡುತ್ತಾರೆ, ನೋಡಲಿ. ಮಲಗಲು ಜಾಗವೇ ಇಲ್ಲದಿದ್ದರೆ ಕುಳಿತು ತಲೆಯನ್ನು ಮೊಣಕಾಲುಗಳ ನಡುವೆ ಬಗ್ಗಿಸಿ.

ಮುನ್ಸೂಚನೆ ನಿಧಾನವಾಗಿ ಬರುವವರಿಗೆ ಸ್ನಾಯು ಬಿಗಿಯುವ ಉಪಾಯವೂ ಉಂಟು. ಕಾಲ ಮೇಲೆ ಕಾಲು ಅಡ್ಡ ಹಾಕಿ ತೊಡೆ, ಹೊಟ್ಟೆ, ಪಿರ್ರೆಗಳನ್ನು ಒಟ್ಟಿಗೆ ಬಿಗಿಹಿಡಿಯಿರಿ. ಅಥವಾ ಎರಡೂ ಕೈಬೆರಳುಗಳನ್ನು ಕೊಂಡಿಯಂತೆ ಸಿಕ್ಕಿಸಿ ಹೊರಕ್ಕೆ ಜಗ್ಗಿ. ತಲೆ ತಿಳಿಯಾಗುವವರೆಗೂ ಬಿಡಬೇಡಿ. ಉಸಿರು ಕಟ್ಟಬಾರದು: ಉಸಿರು ಬಿಗಿಹಿಡಿದು ತಿಣುಕಿದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತವೇ ತಗ್ಗುತ್ತದೆ. ಬಿಗಿಹಿಡಿದರೂ ನೋಟ ಮಸುಕಾಗುತ್ತಿದ್ದರೆ ಹಟ ಬೇಡ, ಮಲಗಿ.

ರಕ್ತ, ಸೂಜಿ ಕಂಡರೆ ಬೀಳುವವರು ಇದನ್ನು ಮನೆಯಲ್ಲೇ ಕುಳಿತು ರೂಢಿ ಮಾಡಿಕೊಳ್ಳಬೇಕು: ಮುಖ ಬಿಸಿಯೇರುವವರೆಗೆ 10–15 ಸೆಕೆಂಡು ಕೈಕಾಲು, ಹೊಟ್ಟೆ ಬಿಗಿಯುವುದು, 20–30 ಸೆಕೆಂಡು ಸಡಿಲಿಸುವುದು, ಹೀಗೆ 5 ಸಲ. ಆದರೆ ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲ ಬಿಡಬೇಕು. ರಕ್ತ ಕೊಡುವಾಗ ಮಲಗಿಯೇ ಕೊಡುತ್ತೇನೆಂದು ಮೊದಲೇ ಹೇಳಿ.

ಎಚ್ಚರವಾದ ತಕ್ಷಣ ಎದ್ದು ನಿಂತರೆ ಮತ್ತೆ ಬೀಳುವುದು ಸಾಮಾನ್ಯ. 10–15 ನಿಮಿಷ ಮಲಗಿದ್ದು, ಆಮೇಲೆ ಕುಳಿತು, ಕಾಲಾಡಿಸಿ ಏಳಿ. ಹತ್ತಿರವಿದ್ದವರು ಎತ್ತಿ ಕೂರಿಸಬಾರದು, ಬಾಯಿಗೆ ನೀರು ಹಾಕಬಾರದು. ಉಸಿರು ನೋಡಬೇಕು, ಉಸಿರಿಲ್ಲದಿದ್ದರೆ ಕೂಡಲೇ ಆಂಬುಲೆನ್ಸ್ ಕರೆದು ಎದೆ ಒತ್ತಲು ಶುರುಮಾಡಬೇಕು. ಉಸಿರಿದ್ದೂ ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಪಕ್ಕಕ್ಕೆ ಹೊರಳಿಸಿ ಆಂಬುಲೆನ್ಸ್ ಕರೆಯಬೇಕು. ಕೈಕಾಲು ಒಂದೆರಡು ಸಲ ಅದುರಿದ ಮಾತ್ರಕ್ಕೆ ಅದು ಫಿಟ್ಸ್ ಅಲ್ಲ.

ಮುಂದೆ ಬಾರದಂತೆ ದಿನಕ್ಕೆ 2–2.5 ಲೀಟರ್ ದ್ರವ ಕುಡಿಯಿರಿ, ಊಟ ಬಿಡಬೇಡಿ. ಬಹಳ ಹೊತ್ತು ನಿಲ್ಲಬೇಕಿದ್ದರೆ ಮೊದಲು ಅರ್ಧ ಲೀಟರ್ ನೀರು ಒಮ್ಮೆಗೇ ಕುಡಿಯಿರಿ, ನಿಂತಲ್ಲೇ ಹಿಮ್ಮಡಿ ಎತ್ತಿಳಿಸುತ್ತಿರಿ. ಹೆಚ್ಚು ಉಪ್ಪು ಕೆಲವರಿಗೆ ಒಳ್ಳೆಯದು. ಹೈ ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಕೇಡು. ಅವರು ನೀರಿನ ಅಳತೆಯನ್ನೂ ವೈದ್ಯರನ್ನೇ ಕೇಳಬೇಕು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಹೀಗಾಗಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಮೊದಲ ಸಲ ಬಿದ್ದವರೆಲ್ಲ ಒಮ್ಮೆ ಇಸಿಜಿ ಮಾಡಿಸಬೇಕು. ಓಡುವಾಗ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದ್ದರೆ, ಸೂಚನೆಯೇ ಇಲ್ಲದೆ ಬಿದ್ದಿದ್ದರೆ, ಎದೆನೋವು ಇಲ್ಲವೇ ಎದೆ ಡವಡವ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿದ್ದದ್ದನ್ನು ಕಣ್ಣಾರೆ ಕಂಡವರನ್ನೂ ಜೊತೆಗೆ ಕರೆದೊಯ್ಯಿರಿ. ಮುಖ ಬಿಳಿಚಿತ್ತೋ ನೀಲಿಯಾಗಿತ್ತೋ, ಎಷ್ಟು ಹೊತ್ತು ಎಂಬುದು ಬಿದ್ದವರಿಗೆ ಗೊತ್ತಿರುವುದಿಲ್ಲ. ವೈದ್ಯರು ಹೇಳುವವರೆಗೆ ವಾಹನ ಓಡಿಸಬೇಡಿ, ಏಣಿ ಹತ್ತಬೇಡಿ, ಒಬ್ಬರೇ ಈಜಬೇಡಿ.